ದಣಿದವರಿಗೆ ನೊಗವೇ?

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಹೊಸದೇನೂ ಅಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಹಗಲೂ ರಾತ್ರಿಯೂ ಒಂದೇ ಸಮನೆ ಸುರಿಯುವ ಆ ಮಳೆಯ ಸದ್ದಿನಲ್ಲಿ ನಮ್ಮ ಹಿರಿಯರು ಸುಖವಾಗಿ ನಿದ್ದೆ ಮಾಡುತ್ತಿದ್ದರು. ಹಂಚಿನ ಮೇಲೆ ನೀರು ಬೀಳುವ ಸದ್ದು ನಿಂತರೇ ಎಚ್ಚರವಾಗುತ್ತಿತ್ತೆಂದು ನನ್ನ ತಾಯಿ ಹೇಳುತ್ತಿದ್ದುದುಂಟು. ಈಗ ಅದು ತಿರುಗುಮುರುಗಾಗಿದೆ. 2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿಗಳ ಕಡೆ ಗುಡ್ಡಗಳು ಜಾರಿ ಬಂದವು. ಮರುವರ್ಷ ತೋರದಲ್ಲಿಯೂ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿಯೂ ಅದೇ ಸಂಕಟ ಮರುಕಳಿಸಿತು. ಅಂದಿನಿಂದ, ಮಳೆ ಬಲವಾದೊಡನೆ ಎದ್ದು ಕುಳಿತು, ಹಿಂದಿನ ಬರೆಯ ಕಡೆಗೆ ಕಿವಿಗೊಡುವ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟೋ ಇವೆ.

ಇದರ ಮೇಲೆ ನಿತ್ಯದ ಹೊರೆಗಳು ಬೇರೆ. ಕಾಫಿಯ ಬೆಲೆ ಏರಿದರೆ ಕೈಗೆ ಬಂದ ಫಸಲು ಕಡಿಮೆ, ಫಸಲು ತುಂಬಿದರೆ ಬೆಲೆ ಕಡಿಮೆ. ಗಿಡಕ್ಕೆ ಬಿಳಿಕಾಂಡ ಕೊರಕ, ತೋಟಕ್ಕೆ ಆನೆ, ಬ್ಯಾಂಕಿನಲ್ಲಿ ಸಾಲ, ಬೆಂಗಳೂರಿನಲ್ಲಿ ಮಕ್ಕಳು. ಇಂಥ ಮನೆಯ ಯಜಮಾನನ ಎದುರು ನಿಂತು, "ಚಿಂತೆ ಮಾಡಬೇಡಿ, ದೇವರು ಶಾಂತಿ ಕೊಡುತ್ತಾನೆ" ಎಂದು ಹೇಳುವುದು ಬಹಳ ಸುಲಭ. ಹೇಳಿದವನು ಹೇಳಿ ಹೋಗುತ್ತಾನೆ. ಕೇಳಿದವನ ಹೊರೆ ಇದ್ದಲ್ಲೇ ಇರುತ್ತದೆ. ಕ್ರೈಸ್ತನಾದ ನಾನೂ ಅಂಥ ಮಾತನ್ನು ಹಲವು ಸಲ ಹೇಳಿದ್ದೇನೆಂದು ಒಪ್ಪಿಕೊಳ್ಳಬೇಕು. ಹಾಗಾದರೆ ನಮ್ಮ ಶಾಸ್ತ್ರ ಹೇಳುವ ವಿಶ್ರಾಂತಿ ಎಂಥದು? ಅದನ್ನು ನನಗೆ ತಿಳಿದಮಟ್ಟಿಗೆ ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಮತ್ತಾಯನು ಬರೆದ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದ ಕೊನೆಯಲ್ಲಿ, ದುಡಿದು ದಣಿದವರನ್ನೂ ಹೊರೆ ಹೊತ್ತು ಬಳಲಿದವರನ್ನೂ ಯೇಸು ತನ್ನ ಬಳಿಗೆ ಕರೆಯುತ್ತಾನೆ. ವಿಶ್ರಾಂತಿ ಕೊಡುವೆನೆಂದು ಮಾತು ಕೊಡುತ್ತಾನೆ. ಈ ಮಾತನ್ನು ಕೇಳದ ಕ್ರೈಸ್ತ ಮನೆ ಇಲ್ಲ. ಆದರೆ ಅದರ ಬೆನ್ನಿಗೇ ಬರುವ ಮಾತು ವಿಚಿತ್ರವಾದುದು. ತನ್ನ ನೊಗಕ್ಕೆ ಹೆಗಲು ಕೊಡಬೇಕೆಂದು ಆತನು ಅವರಿಗೇ ಹೇಳುತ್ತಾನೆ! ದಣಿದು ಬಂದವನಿಗೆ ಮಂಚ ಕೊಡುವುದು ಬಿಟ್ಟು ನೊಗ ಕೊಡುವುದೆಂದರೆ ಏನು? ಚಿಕ್ಕಂದಿನಲ್ಲಿ ಇದು ನನಗೆ ಅರ್ಥವಾಗಲಿಲ್ಲ. ಗದ್ದೆಗೆ ಇಳಿದ ಮೇಲೆ ಸ್ವಲ್ಪ ಅರ್ಥವಾಯಿತು.

ಈಗ ನಮ್ಮ ಗದ್ದೆಗಳಲ್ಲಿ ಟಿಲ್ಲರಿನ ಸದ್ದೇ ಹೆಚ್ಚು. ಗದ್ದೆಗಳೇ ಕಡಿಮೆಯಾಗಿವೆಯೆಂಬುದು ಬೇರೆ ಮಾತು. ಎತ್ತು ಕಟ್ಟಿ ಉತ್ತವರಿಗೆ ಎರಡು ಸಂಗತಿ ಗೊತ್ತು. ಒಂದು, ಹೆಗಲಿಗೆ ಹೊಂದದ ನೊಗ ಎತ್ತಿನ ಕುತ್ತಿಗೆಯನ್ನು ಹುಣ್ಣು ಮಾಡುತ್ತದೆ. ಒಳ್ಳೆಯ ಬಡಗಿ ಕೆತ್ತಿದ ನೊಗದಲ್ಲಿ ಅದೇ ಎತ್ತು ಅದೇ ನೇಗಿಲನ್ನು ಸಲೀಸಾಗಿ ಎಳೆಯುತ್ತದೆ. ನೊಗದ ಮಾತು ಆಡಿದವನು ಬಡಗಿಯೇ ಆಗಿದ್ದನೆಂಬುದನ್ನು ಇಲ್ಲಿ ನೆನೆಯಬಹುದು. ಇನ್ನೊಂದು, ನೊಗ ಒಂದೇ ಹೆಗಲಿನದಲ್ಲ. ಹೊಸ ಹೋರಿಯನ್ನು ಪಳಗಿಸುವಾಗ ಪಳಗಿದ ಹಳೆಯ ಎತ್ತಿನ ಜೊತೆಗೆ ಕಟ್ಟುತ್ತಾರೆ. ಭಾರವೆಲ್ಲ ಹಳೆಯದರ ಮೇಲೆ. ಹೊಸದು ಜೊತೆಗೆ ಹೆಜ್ಜೆ ಹಾಕಿದರೆ ಸಾಕು. ಹೊರೆ ಇಲ್ಲದ ಬದುಕನ್ನು ಕೊಡುವೆನೆಂದು ಯೇಸು ಹೇಳಲಿಲ್ಲ. ಒಬ್ಬನೇ ಹೊರುವ ಬದುಕನ್ನು ಬಿಟ್ಟುಬಿಡು ಎಂದನು. ಆತನು ಕೊಡುವ ವಿಶ್ರಾಂತಿ ಅದು.

ನಮ್ಮ ಭಾಷೆಯಲ್ಲಿಯೂ ಈ ಅರ್ಥ ಅಡಗಿದೆಯೆಂದು ನನಗೆ ತೋರುತ್ತದೆ. ಹಳಗನ್ನಡದಲ್ಲಿ 'ನೆಮ್ಮು' ಎಂದರೆ ಒರಗು, ಆತುಕೊ, ಆಶ್ರಯಿಸು. 'ನೆಮ್ಮದಿ' ಎಂಬ ಮಾತು ಆ ಬಳಗದ್ದೇ. ಒರಗಲು ಒಂದು ಕಂಬವೋ ಒಂದು ಹೆಗಲೋ ಸಿಕ್ಕಿದವನಿಗೆ ನೆಮ್ಮದಿ. ಇಂಥ ಮಾತುಗಳನ್ನೆಲ್ಲ ಕೂಡಿಹಾಕಿ 1894ರಲ್ಲಿ ದೊಡ್ಡ ನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ಮಹಾಶಯನು ತನ್ನ ಜೀವಮಾನದ ಎಷ್ಟೋ ವರ್ಷಗಳನ್ನು ಮಡಿಕೇರಿಯಲ್ಲಿ ಕಳೆದವನು.

ಈಗ ದಣಿವಿನ ಮಾತಿಗೇ ಬರೋಣ. ದಣಿದವನನ್ನು ದೇವರು ಹೇಗೆ ಕಾಣುತ್ತಾನೆಂಬುದಕ್ಕೆ ಹಳೆಯ ಒಡಂಬಡಿಕೆಯಲ್ಲಿ ಒಂದು ಪ್ರಸಂಗವಿದೆ. ಅರಸುಗಳ ಮೊದಲನೆಯ ಭಾಗದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಅದನ್ನು ಓದಬಹುದು. ಎಲೀಯನು ದೊಡ್ಡ ಪ್ರವಾದಿ. ಅರಸನಿಗೂ ಅಂಜದೆ ನಿಂತವನು. ಆದರೆ ರಾಣಿ ಈಜೆಬೆಲಳು ಕೊಲ್ಲಿಸುವೆನೆಂದು ಹೇಳಿಕಳುಹಿಸಿದಾಗ ಅವನ ಧೈರ್ಯವೆಲ್ಲ ಒಮ್ಮೆಗೇ ಕುಸಿಯಿತು. ಅಡವಿಗೆ ಓಡಿದನು. ಒಂದು ಗಿಡದ ಕೆಳಗೆ ಕುಳಿತು, ತನ್ನ ಪ್ರಾಣ ತೆಗೆದುಬಿಡೆಂದು ದೇವರನ್ನು ಬೇಡಿ, ಹಾಗೆಯೇ ಬಿದ್ದು ನಿದ್ದೆಹೋದನು. ಆಗ ಬಂದ ದೇವದೂತನು ಏನು ಮಾಡಿದನು? ಪ್ರಸಂಗ ಮಾಡಲಿಲ್ಲ. "ನಿನ್ನಂಥವನು ಹೀಗೆ ಅಧೈರ್ಯಪಡಬಹುದೆ" ಎಂದು ಗದರಿಸಲೂ ಇಲ್ಲ. ತಟ್ಟಿ ಎಬ್ಬಿಸಿ ಊಟಮಾಡೆಂದನು. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ಒಂದು ತಂಬಿಗೆ ನೀರೂ ಇದ್ದವು. ಎಲೀಯನು ತಿಂದು ಕುಡಿದು ಮತ್ತೆ ಮಲಗಿದನು. ದೂತನು ಅದಕ್ಕೂ ಬೇಸರಪಡದೆ ಎರಡನೆಯ ಸಲ ಬಂದು ಎಬ್ಬಿಸಿ ಮತ್ತೆ ಉಣ್ಣಿಸಿದನು, ದಾರಿ ದೂರವಿದೆಯೆಂದನು. ದೇವರ ಮೃದುವಾದ ದನಿ ಎಲೀಯನಿಗೆ ಕೇಳಿಸಿದ್ದು ಆಮೇಲೆ, ನಲವತ್ತು ದಿನ ನಡೆದು ಹೋರೇಬ್ ಬೆಟ್ಟವನ್ನು ಸೇರಿದ ಮೇಲೆ. ಮೊದಲು ರೊಟ್ಟಿ, ನಿದ್ದೆ, ಮಾತು ಕೊನೆಗೆ. ನಮ್ಮಲ್ಲಿ ಸಾಂತ್ವನ ಹೇಳಲು ಹೋಗುವವರು ಸಾಮಾನ್ಯವಾಗಿ ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ.

ದುಃಖದಲ್ಲಿರುವವನು ದೇವರೊಡನೆ ಜಗಳವಾಡಬಾರದೆಂದು ಕೆಲವರ ಎಣಿಕೆ. ಶಾಸ್ತ್ರ ಹಾಗೆ ಹೇಳುವುದಿಲ್ಲ. ಕೀರ್ತನೆಗಳಲ್ಲಿ ಎಷ್ಟೋ ದೂರುಗಳೇ. ಬಿರುಗಾಳಿಯಲ್ಲಿ ದೋಣಿಗೆ ನೀರು ನುಗ್ಗುತ್ತಿರುವಾಗ ಯೇಸು ದಿಂಬಿಗೆ ತಲೆಯಿಟ್ಟು ನಿದ್ದೆಮಾಡುತ್ತಿದ್ದನಂತೆ. ನಾವು ಮುಳುಗುತ್ತಿರುವುದು ನಿನಗೆ ಲಕ್ಷ್ಯವಿಲ್ಲವೆ ಎಂದು ಶಿಷ್ಯರು ಅವನನ್ನು ಎಬ್ಬಿಸಿದರು. ಅವರ ಪ್ರಾರ್ಥನೆ ಅಷ್ಟೇ. ಮಳೆಯ ರಾತ್ರಿಯಲ್ಲಿ ಗುಡ್ಡದ ಕೆಳಗೆ ಎದ್ದು ಕುಳಿತವನ ಪ್ರಾರ್ಥನೆಯೂ ಅಷ್ಟೇ ಆದರೆ ಅದರಲ್ಲಿ ತಪ್ಪಿಲ್ಲ.

ಇನ್ನು, ಈ ವಿಶ್ರಾಂತಿಯ ಮಾತಿಗೂ ನಮ್ಮ ಕೊಡಗಿಗೂ ಇರುವ ನಂಟನ್ನು ಸ್ವಲ್ಪ ನೋಡೋಣ. 1784ರಲ್ಲಿ ಟಿಪ್ಪೂ ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಕೊಡವರೂ ಅದೇ ಸೆರೆಯನ್ನು ಕಂಡವರು. ಹಾಗೆ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ನೆಲ ಕೊಟ್ಟು ನಿಲ್ಲಿಸಿಕೊಂಡವನು ದೊಡ್ಡವೀರರಾಜೇಂದ್ರ. ಅವನೂ ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡವನೇ. ಸೆರೆಯ ಕಷ್ಟ ಬಲ್ಲವನು ಸೆರೆಯಿಂದ ಬಂದವರಿಗೆ ಜಾಗ ಕೊಟ್ಟನು. 1792ರಲ್ಲಿ ನೆಲೆಗೊಂಡ ಅವನ ಪೇಟೆ ಇಂದಿನ ವಿರಾಜಪೇಟೆ. ಅಲ್ಲಿಯ ಸಂತ ಅನ್ನಮ್ಮನವರ ದೇವಾಲಯದ ಮೂಲ ಆ ಕಾಲದ್ದು. ಓಡಿ ಬಂದವರಿಗೆ ಹೊರೆ ಇಳಿಸಲು ಜಾಗ ಕೊಟ್ಟವನು ಅನ್ಯಧರ್ಮದ ಅರಸನೆಂಬುದನ್ನು ಕ್ರೈಸ್ತರಾದ ನಾವು ಮರೆಯಬಾರದು.

ಎರಡನೆಯದು ಆನಂದಪುರದ ಕಥೆ. 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ 1853ರ ಸುಮಾರಿಗೆ ಕೊಡಗಿಗೆ ಬಂದನು. ಆಗ ಇಲ್ಲಿ ಜಮೀನಿನೊಡನೆಯೇ ಕಟ್ಟುಬಿದ್ದ ಜೀತದ ಕುಲಗಳಿದ್ದವು. 1843ರ ಕಾಯಿದೆ ಜೀತವನ್ನು ಕಾಗದದ ಮೇಲೆ ಅಳಿಸಿತ್ತು, ಗದ್ದೆಯಲ್ಲಿ ಅಳಿಸಿರಲಿಲ್ಲ. ಆ ದಲಿತ ಕುಟುಂಬಗಳಲ್ಲಿ ಕೆಲವು ಕ್ರೈಸ್ತಮತಕ್ಕೆ ಬಂದಾಗ ಅವರಿಗಾಗಿ ಸಿದ್ದಾಪುರದ ಕಡೆ ನೆಲೆಮಾಡಿದ ಊರಿಗೆ ಆನಂದಪುರವೆಂದು ಹೆಸರಿಟ್ಟರು. ಮೊಗ್ಲಿಂಗನು 1860ರಲ್ಲಿ ಪತ್ನಿಯ ಅನಾರೋಗ್ಯದ ಕಾರಣ ಜರ್ಮನಿಗೆ ಮರಳಿದನು, ಮತ್ತೆ ಬರಲಿಲ್ಲ. ಊರು ಉಳಿಯಿತು.

ಮಿಷನರಿಗಳ ಕೆಲಸದಲ್ಲಿ ಮೆಚ್ಚತಕ್ಕದ್ದೂ ಪ್ರಶ್ನಿಸತಕ್ಕದ್ದೂ ಎರಡೂ ಇವೆ. ಆ ಚರ್ಚೆ ಇಲ್ಲಿ ಬೇಡ. ನಾನು ಎಣಿಸುವುದು ಒಂದೇ ಸಂಗತಿಯನ್ನು. ಏಳು ದಿನಕ್ಕೊಂದು ದಿನ ಬಿಡುವು ಎಂಬ ಆಜ್ಞೆ ಬೈಬಲಿನಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಇದೆ. ಧರ್ಮೋಪದೇಶಕಾಂಡದಲ್ಲಿ ಅದಕ್ಕೆ ಕೊಡುವ ಕಾರಣವನ್ನು ಗಮನಿಸಿ: ನೀವೂ ಐಗುಪ್ತದಲ್ಲಿ ಜೀತಗಾರರಾಗಿದ್ದವರು, ಆದುದರಿಂದ ಮನೆಯ ಆಳು, ಹೆಣ್ಣಾಳು, ಎತ್ತು, ಕತ್ತೆ, ಪರಸ್ಥಳದವನು, ಇವರಿಗೂ ನಿಮ್ಮಂತೆಯೇ ಬಿಡುವು ಸಲ್ಲಬೇಕು. ತಲೆತಲಾಂತರದಿಂದ ಒಡೆಯನ ಅಪ್ಪಣೆಯಿಲ್ಲದೆ ಸೊಂಟ ನೆಟ್ಟಗೆ ಮಾಡಲಾರದಿದ್ದ ಒಬ್ಬಾತನು ಒಂದು ಭಾನುವಾರ ತೊಳೆದ ಬಟ್ಟೆ ತೊಟ್ಟು, ಹೆಂಡತಿ ಮಕ್ಕಳೊಡನೆ ಕುಳಿತು, ಈ ಮಾತನ್ನು ಕನ್ನಡದಲ್ಲಿ ಕೇಳಿದಾಗ ಅವನಿಗೆ ಏನೆನ್ನಿಸಿರಬೇಕು! ನಮಗೆ ವಿಶ್ರಾಂತಿಯೆಂದರೆ ಸೌಖ್ಯ. ಅವನಿಗೆ ಅದು ಮಾನ.

ಈ ತಿಳಿವಳಿಕೆ ಕ್ರೈಸ್ತರ ಸೊತ್ತು ಮಾತ್ರವಲ್ಲ. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನ ಮೊದಲಲ್ಲಿ ಬರುವ ಕೈಲ್ ಪೊಳ್ದ್‌ನಲ್ಲಿ ಕೊಡವರು ಆಯುಧಗಳಿಗೂ ನೇಗಿಲು ನೊಗಗಳಿಗೂ ಪೂಜೆ ಮಾಡುತ್ತಾರೆ. ಕೆಸರಿನಲ್ಲಿ ದುಡಿದ ಎತ್ತುಗಳ ಮೈ ತೊಳೆದು ಅವಕ್ಕೆ ಬಿಡುವು ಕೊಡುತ್ತಾರೆ. ಎತ್ತಿನ ದಣಿವನ್ನು ನೆನಪಿಡುವ ಹಬ್ಬ ಅದು.

ನನ್ನ ಮನೆಯ ಒಂದು ಅಭ್ಯಾಸವನ್ನು ಹೇಳಲೇ? ಭಾನುವಾರ ನಮ್ಮ ತಾಯಿ ಕಾಫಿಯ ಬೆಲೆಯ ಮಾತೆತ್ತಗೊಡುತ್ತಿರಲಿಲ್ಲ. ತಂದೆ ಬಾಯಿ ತೆರೆದರೆ, "ಅದು ನಾಳೆಗೂ ಅಷ್ಟೇ ಇರ್ತದೆ" ಎನ್ನುವರು. ಸಂಜೆ ದೀಪ ಹಚ್ಚಿ ಪ್ರಾರ್ಥನೆಗೆ ಕುಳಿತಾಗ ಮಾತ್ರ ಅವರೇ ವಾರದ ಚಿಂತೆಗಳನ್ನು ಒಂದೊಂದಾಗಿ ಹೆಸರು ಹೇಳಿ ದೇವರ ಮುಂದೆ ಇಡುತ್ತಿದ್ದರು. ಸೊಸೈಟಿಯ ಸಾಲ, ಗಬ್ಬದ ಹಸು, ಕೆಮ್ಮು ಬಿಡದ ತಂಗಿ, ಒಂದನ್ನೂ ಬಿಡುತ್ತಿರಲಿಲ್ಲ. ಎಲ್ಲ ಹೇಳಿ ಮುಗಿಸಿ, ಎದ್ದು, ಸಾರಿಗೆ ಒಗ್ಗರಣೆ ಹಾಕುವರು. ಹೆಸರಿಲ್ಲದ ಭಯ ರಾತ್ರಿಯೆಲ್ಲ ಮನೆ ಸುತ್ತುತ್ತದೆ. ಹೆಸರು ಹೇಳಿ ಕರೆದರೆ ಒಂದು ಕಡೆ ಕೂರುತ್ತದೆ. ಇಷ್ಟಾದರೂ ನಿದ್ದೆ ಬಾರದೆ, ಬದುಕೇ ಬೇಡವೆನ್ನಿಸುವಷ್ಟು ಮನಸ್ಸು ಕುಗ್ಗಿದರೆ ವೈದ್ಯರನ್ನು ಕಾಣುವುದು ಅವಿಶ್ವಾಸವಲ್ಲ. ಸರ್ಕಾರದ ಟೆಲಿ ಮನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಹಗಲಾಗಲಿ ರಾತ್ರಿಯಾಗಲಿ ಫೋನು ಮಾಡಬಹುದು. ಎಲೀಯನಿಗೆ ರೊಟ್ಟಿ ತಂದವನು ಯಾವ ರೂಪದಲ್ಲಿ ಬರುವನೆಂದು ಹೇಳುವಂತಿಲ್ಲ.

2018ರ ಆ ಆಗಸ್ಟಿನಲ್ಲಿ, ಮನೆ ಕಳೆದುಕೊಂಡವರನ್ನು ಇರಿಸಿದ್ದ ಒಂದು ಸಭಾಭವನಕ್ಕೆ ನಾನೂ ಹೋಗಿದ್ದೆ. ಗೋಡೆಯ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕುಳಿತಿದ್ದರು. ಎರಡು ರಾತ್ರಿಯಿಂದ ಅವರು ಮಲಗಿಲ್ಲವೆಂದು ಪಕ್ಕದವರು ಹೇಳಿದರು. ಎದೆಗೆ ಒಂದು ಪ್ಲಾಸ್ಟಿಕ್ ಚೀಲ ಅವಚಿಕೊಂಡಿದ್ದರು. ಅದರಲ್ಲಿ ಪಹಣಿ, ರೇಷನ್ ಕಾರ್ಡು, ಆಧಾರ್, ಗಂಡನ ಒಂದು ಫೋಟೋ. ಮಲಗಿದರೆ ಯಾರಾದರೂ ಒಯ್ದಾರೆಂದು ಭಯ. ನಾನು ಹೋಗಿ ಎರಡು ಒಳ್ಳೆಯ ಮಾತು ಹೇಳಿದೆ. ಅವರು ತಲೆಯಾಡಿಸಿದರು; ಚೀಲ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮ ಸಭೆಯ ಒಬ್ಬ ಹೆಂಗಸು ಬಿಸಿ ಗಂಜಿ ತಂದು, ಪಕ್ಕದಲ್ಲೇ ಕುಳಿತು, ಅಜ್ಜಿ ಕುಡಿದು ಮುಗಿಸುವವರೆಗೆ ಸುಮ್ಮನಿದ್ದರು. ಆಮೇಲೆ ಹೇಳಿದರು: "ಅಜ್ಜಿ, ನೀವು ಮಲ್ಕೊಳ್ಳಿ. ಚೀಲ ನಾನು ಹಿಡ್ಕೊಂಡಿರ್ತೇನೆ. ನೀವು ಏಳುವವರೆಗೆ ಇಲ್ಲಿಂದ ಏಳೋದಿಲ್ಲ."

ಅಜ್ಜಿ ಅವರ ಮುಖವನ್ನು ಬಹಳ ಹೊತ್ತು ನೋಡಿದರು. ಚೀಲವನ್ನು ಕೊಟ್ಟರು. ಅವರ ತೊಡೆಗೆ ಒರಗಿಯೇ ನಿದ್ದೆಹೋದರು. ಹೊರಗೆ ಮಳೆ ಹಾಗೆಯೇ ಸುರಿಯುತ್ತಿತ್ತು. ಆ ಹೆಂಗಸು ಮಾತು ಕೊಟ್ಟಂತೆ ಬೆಳಗಿನವರೆಗೆ ಗೋಡೆಗೆ ಬೆನ್ನು ಕೊಟ್ಟು ಕುಳಿತೇ ಇದ್ದರು. ಬೆಳಗಾದ ಮೇಲೆ ಅಜ್ಜಿ ಎದ್ದು, ಚೀಲ ತೆಗೆದುಕೊಂಡು, ಕಾಗದಗಳನ್ನು ಒಂದೊಂದಾಗಿ ಎಣಿಸಿ ನೋಡಿ, ಒಂದು ಲೋಟ ಕಾಫಿ ಸಿಕ್ಕೀತೆ ಎಂದು ಕೇಳಿದರು.