ಮುಪ್ಪಿಗೂ ಒಂದು ಕೆಲಸ ಬೇಕು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಹಿರಿಯ ಸದಸ್ಯರ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಮುಪ್ಪಿನಲ್ಲಿ ಆರೋಗ್ಯ ಕಾಪಾಡಿಕೊಳ್ಳುವ ಬಗ್ಗೆ ಎರಡು ಮಾತನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ನಾನು ಡಾಕ್ಟರಲ್ಲ, ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಮೇಷ್ಟ್ರು. ಹಾಗಾಗಿ ನಮ್ಮ ಮನೆಯಲ್ಲೇ ನಡೆದದ್ದನ್ನು, ಅದರಲ್ಲೂ ನಾನು ಮಾಡಿದ ಒಂದು ತಪ್ಪನ್ನು, ನಿಮ್ಮ ಮುಂದೆ ಇಡುತ್ತೇನೆ.

ಈ ಸಂಘ ಶುರುವಾದ ದಿನದಿಂದ ನಮ್ಮ ತಂದೆಯವರೇ ಹಾಲಿನ ಕ್ಯಾನು ಹಿಡಿದು ಬರುತ್ತಿದ್ದರು. ಹಳಬರಿಗೆ ನೆನಪಿರಬಹುದು. ಹಾಲು ಹಾಕಿ ಹತ್ತು ನಿಮಿಷಕ್ಕೆ ವಾಪಸ್ಸು ಬರಬೇಕಾದವರು ಒಂದು ಗಂಟೆ ಬಿಟ್ಟು ಬರುತ್ತಿದ್ದರು. ಯಾರ ಹಸು ಕರು ಹಾಕಿತು, ಯಾರಿಗೆ ಫ್ಯಾಟು ಕಮ್ಮಿ ಬಂತು, ಯಾರ ಮನೆ ಹುಡುಗಿಗೆ ಗಂಡು ಗೊತ್ತಾಯಿತು, ಊರ ಸುದ್ದಿಯೆಲ್ಲ ಖಾಲಿ ಕ್ಯಾನಿನ ಜೊತೆ ಮನೆಗೆ ಬರುತ್ತಿತ್ತು.

2009ರ ಮಳೆಗಾಲದಲ್ಲಿ ಒಂದು ಬೆಳಗ್ಗೆ ಡೇರಿ ಮೆಟ್ಟಿಲ ಹತ್ತಿರ ಜಾರಿ ಬಿದ್ದರು. ಮೊಣಕೈ ತರಚಿತ್ತು, ಅಷ್ಟೆ. ಆಗ ಅವರಿಗೆ 76 ವರ್ಷ. "ದುಡಿದಿದ್ದು ಸಾಕಪ್ಪ, ಇನ್ನು ಸುಮ್ನೆ ಮನೇಲಿ ಕೂತ್ಕೋ" ಎಂದು ನಾನು ಕ್ಯಾನು ಕಿತ್ತುಕೊಂಡೆ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಅವರಿಗೆ ಕೇಳಿಸಿದ್ದು ಬೇರೆ: "ಇನ್ನು ನೀನು ಬೇಡ."

ಮೂರು ತಿಂಗಳಲ್ಲಿ ಜಗಲಿಯಿಂದ ಹಾಸಿಗೆ ಸೇರಿದರು. ಅರ್ಧ ಮುದ್ದೆಗೇ ಸಾಕು ಎನ್ನುವರು. ರಾತ್ರಿ ಮೂರು ಗಂಟೆಗೆ ಎದ್ದು ಕೂತಿರುವರು. ಕರೆದರೆ ಓಗೊಡುತ್ತಿರಲಿಲ್ಲ. ನಾವು "ವಯಸ್ಸಾಯ್ತು, ಅರಳುಮರಳು" ಎಂದು ತೀರ್ಮಾನ ಮಾಡಿಬಿಟ್ಟೆವು. ಒಂದು ದಿನ ನಮ್ಮ ತಾಯಿ, "ಡೇರಿ ಹೊತ್ತಿಗೆ ಅವರು ಗೋಡೆ ಕಡೆ ತಿರುಗಿ ಮಲಗ್ತಾರೆ ಕಣೋ" ಅಂದರು. ನನ್ನ ಎದೆ ಧಸಕ್ಕೆಂದಿತು.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಕಿವಿಯಲ್ಲಿ ಗುಗ್ಗೆ ಕಲ್ಲಿನಂತೆ ಗಟ್ಟಿಯಾಗಿತ್ತು. ಡಾಕ್ಟರು ಹೇಳಿದರು: "ಮೇಷ್ಟ್ರೇ, ಇವರು ಬಿದ್ದದ್ದು ವಯಸ್ಸಿನಿಂದಲ್ಲ, ಮೆಟ್ಟಿಲು ಕಾಣದೆ. ಓಗೊಡದಿದ್ದದ್ದು ಮರೆವಿನಿಂದಲ್ಲ, ಕೇಳಿಸದೆ. ಮನಸ್ಸೂ ಕುಗ್ಗಿದೆ. ಅದೂ ಕಾಯಿಲೆಯೇ, ವಾಸಿಯಾಗುತ್ತೆ. ಮಾತ್ರೆ ಕೊಡ್ತೀನಿ, ನೀವು ಅವರಿಗೊಂದು ಕೆಲಸ ಕೊಡಿ."

ಪೊರೆ ತೆಗೆಸಿದೆವು. ಕಿವಿ ಸ್ವಚ್ಛವಾಯಿತು. ಆದರೆ ಕೆಲಸ? ತುಂಬಿದ ಕ್ಯಾನು ಎತ್ತುವ ಶಕ್ತಿ ಇರಲಿಲ್ಲ. ಆಗ ಹೊಳೆದದ್ದು ಹಸು ಕಾಯುವ ಕೆಲಸ. ಬೆದೆ ಒಂದು ದಿನವೂ ಪೂರ್ತಿ ಇರುವುದಿಲ್ಲ ಎಂಬುದು ನಿಮಗೆ ಗೊತ್ತಿದೆ. ಬೆಳಗ್ಗೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಗ್ಗೆಗೆ ಗರ್ಭಧಾರಣೆ ಮಾಡಿಸಬೇಕು. ತಪ್ಪಿದರೆ ಸುಮಾರು 21 ದಿನ ಕಾಯಬೇಕು, ಹಿಂಡಿ ಖರ್ಚು ಮಾತ್ರ ನಿಲ್ಲುವುದಿಲ್ಲ. ಸ್ಕೂಲಿಗೆ ಓಡುವ ನನಗೆ ಎಷ್ಟೋ ಬಾರಿ ತಪ್ಪಿಹೋಗಿತ್ತು. ಅಪ್ಪ ಕೊಟ್ಟಿಗೆ ಮುಂದೆ ಕೂತರು. ಹಸು ಕೂಗುವುದು, ಲೋಳೆ ಬೀಳುವುದು, ಒಂದರ ಮೇಲೊಂದು ಹಾರುವುದು ಎಲ್ಲವನ್ನೂ ನೋಡಿ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದರು. ಆಮೇಲೆ ನಮ್ಮ ಮನೆಯಲ್ಲಿ ಬೆದೆ ತಪ್ಪಿದ್ದು ಅಪರೂಪ. ಅಕ್ಕಪಕ್ಕದವರೂ "ಅಜ್ಜ, ನಮ್ಮ ಹಸು ಒಸಿ ನೋಡು ಬಾ" ಎಂದು ಕರೆಯತೊಡಗಿದರು. ಅಲ್ಲಿಂದ ಏಳು ವರ್ಷ ಬದುಕಿದರು. ಕೋಲು ಹಿಡಿದು ಖಾಲಿ ಕೈಯಲ್ಲೇ ಆದರೂ ಡೇರಿಗೆ ಬರುವುದನ್ನು ಬಿಡಲಿಲ್ಲ.

ಇದರಿಂದ ನಾನು ಕಲಿತದ್ದು ಇಷ್ಟು. ಕಣ್ಣು, ಕಿವಿ, ಬಿ.ಪಿ., ಸಕ್ಕರೆ ವರ್ಷಕ್ಕೊಮ್ಮೆಯಾದರೂ ತೋರಿಸಿ. ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬೇಡಿ. ಹಾಸಿಗೆ ಹಿಡಿದರೆ ಕೆಲವೇ ದಿನಗಳಲ್ಲಿ ಕಾಲಿನ ಮಾಂಸಖಂಡ ಕರಗುತ್ತದೆ, ಅದಕ್ಕೆ ನಡಿಗೆ ಬಿಡಬೇಡಿ. ವಾರಕ್ಕೆ 150 ನಿಮಿಷವಾದರೂ ಚುರುಕು ನಡಿಗೆಯಂಥ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟು ಆಗದವರು ಆದಷ್ಟು ಮಾಡಿ. ಮುದ್ದೆಯ ಜೊತೆ ಕಾಳು, ಮೊಟ್ಟೆ, ಹಾಲು ಇರಲಿ. ಹಾಲೆಲ್ಲ ಡೇರಿಗೆ ಹಾಕಿ ಮನೆಯ ಮುದುಕರಿಗೆ ಕರಿ ಕಾಫಿ ಕೊಡಬೇಡಿ! ಎರಡು ವಾರ ಕಳೆದರೂ ಊಟ, ನಿದ್ದೆ, ಮಾತು ಬೇಡವಾದರೆ ಡಾಕ್ಟರ ಹತ್ತಿರ ಹೋಗಿ. 14416 ನಂಬರಿಗೆ ಫೋನು ಮಾಡಿದರೆ ಕನ್ನಡದಲ್ಲೇ ಬಿಟ್ಟಿ ಸಲಹೆ ಸಿಗುತ್ತದೆ.

ಮಾಗಡಿ ತಾಲ್ಲೂಕಿನ ಸಾಲುಮರದ ತಿಮ್ಮಕ್ಕನವರನ್ನು ನೆನೆಸಿಕೊಳ್ಳಿ. ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು ಆಲದ ಸಾಲು ಬೆಳೆಸಿದರು. ಗಂಡ ಹೋದ ಮೇಲೂ ಗಿಡಮರದ ಕೆಲಸ ಬಿಡಲಿಲ್ಲ. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ತೀರಿಕೊಂಡಾಗ ನೂರು ದಾಟಿ ಎಷ್ಟೋ ವರ್ಷವಾಗಿತ್ತು. ನಾವೆಲ್ಲ ತಿಮ್ಮಕ್ಕ ಆಗಲಾರೆವು, ನಿಜ. ಒಂದು ನುಗ್ಗೆ ಗಿಡಕ್ಕೆ ನೀರು ಹಾಕಬಹುದು, ಮೊಮ್ಮಗುವಿಗೆ ಮಗ್ಗಿ ಹೇಳಿಕೊಡಬಹುದು.

ಮಕ್ಕಳಿಗೆ ನನ್ನ ಬೇಡಿಕೆ: ಅಪ್ಪ ಅಮ್ಮನ ಕೈಯಿಂದ ಭಾರ ಇಳಿಸಿ, ಕೆಲಸ ಕಿತ್ತುಕೊಳ್ಳಬೇಡಿ. ಹಿರಿಯರಿಗೆ: ಯಜಮಾನಿಕೆ ಬಿಡಿ, ಕೆಲಸ ಬಿಡಬೇಡಿ. ಎರಡೂ ಒಂದೇ ಅಲ್ಲ. ನನಗೀಗ 68. ಸೊಸೆ "ಸುಮ್ನೆ ಕೂತ್ಕೊಳ್ಳಿ ಮಾವ" ಅಂದಾಗ ಅಪ್ಪನ ಮುಖ ನೆನಪಿಗೆ ಬರುತ್ತದೆ.

ಕೊನೆಗೆ ಸಂಘಕ್ಕೊಂದು ವಿನಂತಿ. ಒಬ್ಬರಿಗಾಗಿ ಎಲ್ಲರೂ, ಎಲ್ಲರಿಗಾಗಿ ಒಬ್ಬರು ಎನ್ನುವುದೇ ಸಹಕಾರ. ಈ ಬೆಳ್ಳಿಹಬ್ಬದ ಗುರುತಾಗಿ ಡೇರಿ ಮೆಟ್ಟಿಲಿಗೆ ಒಂದು ಕಬ್ಬಿಣದ ಕಂಬಿ, ಹೊರಗೆ ಒರಗುವ ಬೆನ್ನಿರುವ ಒಂದು ಕಲ್ಲು ಬೆಂಚು ಹಾಕಿಸಿ. ಹಾಲು ಹಾಕಲಾಗದ ಹಿರಿಯರೂ ಬೆಳಗ್ಗೆ ಬಂದು ಕೂತು ಹೋಗಲಿ. ಬೆಂಚಿನ ಖರ್ಚಿಗೆ ನಮ್ಮ ತಂದೆಯ ಹೆಸರಿನಲ್ಲಿ ನನ್ನ ಒಂದು ತಿಂಗಳ ಪಿಂಚಣಿ ಕೊಡುತ್ತೇನೆ.