ಕಾಲಿನ ಧಮನಿಯ ತಡೆಯೂ ಪಾದರಕ್ಷಣೆಯೂ



ತರೀಕೆರೆಯ ಅಡಕೆ ತೋಟದಲ್ಲಿ ಕಾಲುವೆಗೆ ಹೂಳು ತುಂಬಿದರೆ ಮೊದಲು ಬಾಡುವುದು ಕಟ್ಟಕಡೆಯ ಮರ. ಅದನ್ನು ಕಂಡ ರೈತನು ಕೊಡಲಿಯನ್ನೆತ್ತುವುದಿಲ್ಲ. ಗುದ್ದಲಿ ಹಿಡಿದು ಕಾಲುವೆಯನ್ನು ತೋಡುತ್ತಾನೆ. ಕಾಲಿನ ವಿಷಯವೂ ಹೀಗೆಯೇ. ಹೃದಯದಿಂದ ರಕ್ತವನ್ನು ಒಯ್ಯುವ ಧಮನಿಯಲ್ಲಿ ಕೊಬ್ಬು ಗಡುಸಾಗಿ ಕಟ್ಟಿಕೊಂಡು ಹಾದಿ ಕಿರಿದಾದರೆ, ಕೊನೆಗೆ ಕಾಲ್ಬೆರಳು ಕಪ್ಪಾಗುವುದು. ಬೀಡಿ, ಹೊಗೆಸೊಪ್ಪು, ಮಧುಮೇಹ, ಹೆಚ್ಚಿದ ರಕ್ತದೊತ್ತಡ ಇವೇ ಆ ಹೂಳಿಗೆ ಮುಖ್ಯ ಕಾರಣಗಳು.

ಅಜ್ಜಂಪುರದಲ್ಲಿ ಈರುಳ್ಳಿ ಹೊಲಕ್ಕೆ ನಡೆಯುವವನಿಗೆ ಅರ್ಧ ದಾರಿಯಲ್ಲಿ ಮೀನಖಂಡ ಹಿಡಿದು, ನಿಂತೊಡನೆ ನೋವು ಇಳಿಯುವುದುಂಟು. ವಾಯುವೆಂದು ಎಣ್ಣೆ ತಿಕ್ಕಿ ಸುಮ್ಮನಾಗುವರು. ಮುಂದೆ ಮಲಗಿದಾಗಲೂ ನೋವು. ಕಾಲನ್ನು ಮಂಚದಿಂದ ಇಳಿಬಿಟ್ಟರೆ ಮಾತ್ರ ಉಪಶಮನ. ಆಮೇಲೆ ಮಾಯದ ಹುಣ್ಣು. ನಾಡಿಯೆಂದೊಡನೆ ಮಣಿಕಟ್ಟನ್ನು ನೆನೆಯುವವರು, ಪಾದದ ಮೇಲೂ ಒಳಗಿಣ್ಣಿನ ಹಿಂದೆಯೂ ನಾಡಿಯುಂಟೆಂಬುದನ್ನು ಮರೆಯಬಾರದು. ವೈದ್ಯರು ಕಾಲ್ಗಿಣ್ಣಿನ ರಕ್ತದೊತ್ತಡವನ್ನು ತೋಳಿನದರೊಡನೆ ಹೋಲಿಸುವರು. ಆ ಪ್ರಮಾಣವು 0.9ಕ್ಕಿಂತ ಕಡಮೆಯಾದರೆ ತಡೆಯನ್ನು ಶಂಕಿಸುವರು.

1964ರಲ್ಲಿ ಅಮೆರಿಕದ ಒರೆಗಾನ್ ಪ್ರಾಂತದ 82 ವಯಸ್ಸಿನ ವೃದ್ಧೆಯೊಬ್ಬಳು ಕೊಳೆಯತೊಡಗಿದ್ದ ಕಾಲನ್ನು ಕತ್ತರಿಸಗೊಡಲಿಲ್ಲ. ಚಾರ್ಲ್ಸ್ ಡಾಟರ್ ಎಂಬ ವೈದ್ಯನು ಆಕೆಯ ಧಮನಿಯೊಳಗೆ ನಳಿಗೆಯನ್ನು ತೂರಿಸಿ ಹಾದಿಯನ್ನು ಬಿಡಿಸಿದನು; ಮುದುಕಿ ತನ್ನೆರಡು ಕಾಲುಗಳ ಮೇಲೆಯೇ ನಡೆದಳು. 1974ರಲ್ಲಿ ಜೂರಿಕ್ ನಗರದ ಗ್ರುನ್ಟ್ಸಿಗ್ ಎಂಬಾತನು ನಳಿಗೆಯ ತುದಿಗೆ ಬಲೂನು ಕಟ್ಟಿ ಉಬ್ಬಿಸಿದನು. ಈಗ ಸ್ಟೆಂಟ್ ಎಂಬ ಜಾಲರಿಯನ್ನು ಇಡುವುದೂ, ರೋಗಿಯ ಕಾಲಿನದೇ ಸಿರೆಯನ್ನು ತೆಗೆದು ತಡೆಯನ್ನು ಬಳಸಿಹೋಗುವ ಹೊಸ ಹಾದಿ ಹಾಕುವುದೂ ರೂಢಿಯಲ್ಲಿವೆ. ಎಲ್ಲ ಕಾಲೂ ಉಳಿಯುವುದೆಂದಲ್ಲ. ಸತ್ತ ಮಾಂಸವನ್ನು ತೆಗೆಯಲೇಬೇಕು. ಆದರೆ ಕಾಲು ಕತ್ತರಿಸುವ ಮಾತು ಬಂದಾಗ, ರಕ್ತನಾಳಗಳ ಪರೀಕ್ಷೆ ನಡೆಯಿತೇ ಎಂದು ಮನೆಯವರು ಕೇಳಬೇಕು. ಕಾಯಕವು ಕಾಯದಿಂದ ನಡೆಯತಕ್ಕದ್ದು, ಕೇಳಲು ಸಂಕೋಚವೇಕೆ? ಕಡೂರಿನಿಂದ ರೈಲು ಹತ್ತಿದರೆ ಬೆಂಗಳೂರು. ಅಲ್ಲಿ ಹೃದಯ ಮತ್ತು ರಕ್ತನಾಳಗಳ ಚಿಕಿತ್ಸೆಗೆಂದಿರುವ ಜಯದೇವ ಸಂಸ್ಥೆಯು ಚಿತ್ರದುರ್ಗದ ಬೃಹನ್ಮಠದ ಶ್ರೀ ಜಯದೇವ ಮಹಾಸ್ವಾಮಿಗಳ ನಾಮಧೇಯವನ್ನೇ ಹೊತ್ತಿದೆ.

ಒಮ್ಮೆಗೇ ಕಾಲು ತಣ್ಣಗಾಗಿ, ಬಿಳಿಚಿ, ತಡೆಯಲಾರದ ನೋವು ಬಂದರೆ ದಿನವೆಣಿಸಬಾರದು. ಆರು ಗಂಟೆಯೊಳಗಾಗಿ ರಕ್ತ ಹರಿಯದಿದ್ದರೆ ಕಾಲಿಗೆ ಅಪಾಯ.

ಇನ್ನು ಬರಿಗಾಲಿನ ಹರಕೆ. ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಮುಳ್ಳು ಹೊಕ್ಕರೂ ತಿಳಿಯದು. ಕಡೂರಿನ ಬಯಲಿನ ಬೇಸಗೆಯ ನೆಲ ಸುಟ್ಟರೂ ತಿಳಿಯದು. ಅಂಥವರು ಮಠದ ಹೊಸ್ತಿಲವರೆಗೆ ಪಾದರಕ್ಷೆ ಮೆಟ್ಟಿ ಬರಲಿ. ಚಳಿಯಲ್ಲಿ ಕಾಲಿಗೆ ಬೆಂಕಿಯ ಕಾವು ಹಿಡಿಯದಿರಲಿ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಮೊಮ್ಮಕ್ಕಳಿಂದಲಾದರೂ ನೋಡಿಸಿಕೊಳ್ಳಲಿ.