ಭಾರ ಎತ್ತುವ ಮೊದಲು



ಇವತ್ತು ನಮ್ಮ ಮೈ ಬಗ್ಗೆ ಮಾತಾಡೋಣ. ನಮ್ಮ ನಡ, ಮೊಣಕಾಲು, ಹೆಗಲು, ಕುತ್ತಿಗೆಯ ಬಗ್ಗೆ ಮಾತಾಡೋಣ.

ನಮ್ಮ ಖಾನಾಪುರದ ಮಣ್ಣು ಕೆಂಪು ಮಣ್ಣು. ಈ ಮಣ್ಣಿನಿಂದ ಇಟ್ಟಂಗಿ ಆಗುತ್ತದೆ, ಹೆಂಚು ಆಗುತ್ತದೆ, ಗಡಿಗೆ ಆಗುತ್ತದೆ. ಮಣ್ಣು ಹೊರುವವರು ಯಾರು? ಇಟ್ಟಂಗಿ ಹೊರುವವರು ಯಾರು? ಬಹಳ ಕಡೆ ನಾವೇ. ಮಳೆಗಾಲ ಬಂದರೆ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರೂ ನಾವೇ. ಅತ್ತ ಬೆಳಗಾವಿಯ ವಡಗಾವಿ, ಶಹಾಪುರ, ಖಾಸಬಾಗದಲ್ಲಿ ಮಗ್ಗದ ಸದ್ದು ಕೇಳುತ್ತದೆ. ಅಲ್ಲಿ ನೆಲದ ಮೇಲೆ ಕೂತು ಕಂಡಿಕೆ ಸುತ್ತುವ ಹೆಣ್ಣುಮಕ್ಕಳು ಇದ್ದಾರೆ.

ಸಂಜೆ ಮನೆಗೆ ಬಂದಾಗ ಏನು ಹೇಳುತ್ತೇವೆ? "ನಡಾ ಹಿಡದೈತಿ, ಯವ್ವಾ. ವಯಸ್ಸಾತು, ಏನ್ ಮಾಡೋದು?" ಅಂತೇವೆ. 30 ವರ್ಷದವಳೂ ಹೀಗೇ ಅಂತಾಳೆ. 30 ಅಂದರೆ ವಯಸ್ಸಾಯಿತೇ? ಇಲ್ಲ. ಇದು ವಯಸ್ಸಿನ ನೋವಲ್ಲ, ಹಣೆಬರಹವೂ ಅಲ್ಲ. ಬಹಳ ಸಲ ಇದು ಕೆಲಸ ಮಾಡುವ ರೀತಿಯಿಂದ ಬಂದ ನೋವು. ರೀತಿ ಬದಲಿಸಿದರೆ ಎಷ್ಟೋ ನೋವು ತಪ್ಪುತ್ತದೆ.

ನೋವು ಯಾಕೆ ಬರುತ್ತದೆ?

ನಮ್ಮ ಬೆನ್ನೆಲುಬು ಒಂದೇ ಎಲುಬಲ್ಲ. ಸಣ್ಣ ಸಣ್ಣ ಎಲುಬುಗಳು ಮಣಿಸರದ ಹಾಗೆ ಒಂದರ ಮೇಲೊಂದು ಕೂತಿವೆ. ನಡುವೆ ಮೆತ್ತನೆಯ ಗಾದಿಗಳಿವೆ. ಸುತ್ತಲೂ ಸ್ನಾಯುಗಳು ಹಗ್ಗದಂತೆ ಹಿಡಿದುಕೊಂಡಿವೆ. ಕಾಲು ನೆಟ್ಟಗಿಟ್ಟು, ನಡ ಬಗ್ಗಿಸಿ ಭಾರ ಎತ್ತಿದರೆ ಎಲ್ಲ ಜಗ್ಗಾಟ ಆ ಗಾದಿಗಳ ಮೇಲೆ, ಸ್ನಾಯುಗಳ ಮೇಲೆ ಬೀಳುತ್ತದೆ.

ಒಂದು ಪರೀಕ್ಷೆ ಮಾಡಿ ನೋಡಿರಿ. ನೀರು ತುಂಬಿದ ತಂಬಿಗೆಯನ್ನು ಎದೆಗೆ ಹತ್ತಿರ ಹಿಡಿಯಿರಿ. ಹಗುರ ಅನಿಸುತ್ತದೆ. ಈಗ ಕೈ ಉದ್ದ ಚಾಚಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಕೈ ನಡುಗುತ್ತದೆ. ತಂಬಿಗೆ ಅದೇ, ನೀರೂ ಅದೇ. ಮೈಯಿಂದ ದೂರ ಹೋದಷ್ಟೂ ಭಾರ ಹೆಚ್ಚಾಗುತ್ತದೆ. ಇಷ್ಟು ತಿಳಿದರೆ ಅರ್ಧ ಪಾಠ ತಿಳಿದಂತೆ.

ಓದಿ, ಆಮೇಲೆ ಎತ್ತಿ

ನಾವು ಈಗ ಅಂಕಿ ಓದಲು ಕಲಿತಿದ್ದೇವೆ. ಅದು ಇಲ್ಲಿ ಉಪಯೋಗಕ್ಕೆ ಬರಲಿ. ಸಿಮೆಂಟ್ ಚೀಲದ ಮೇಲೆ 50 ಕೆಜಿ ಎಂದು ಬರೆದಿರುತ್ತದೆ. ಯೂರಿಯಾ ಚೀಲದ ಮೇಲೆ 45 ಕೆಜಿ ಎಂದು ಇರುತ್ತದೆ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. 15 ಲೀಟರಿನ ಕೊಡಕ್ಕೆ 15 ಕೆಜಿ, ಮೇಲೆ ಕೊಡದ ತೂಕ ಬೇರೆ.

ಒಂದು ಇಟ್ಟಂಗಿ ಸುಮಾರು 3 ಕೆಜಿ ಎಂದು ಹಿಡಿಯೋಣ. ತಲೆ ಮೇಲೆ 12 ಇಟ್ಟಂಗಿ ಇಟ್ಟರೆ 36 ಕೆಜಿ ಆಯಿತು. 8 ಇಟ್ಟರೆ 24 ಕೆಜಿ.

ನೀವು ಕೇಳಬಹುದು: "ಅಕ್ಕೋರ, ನಮ್ಮ ಕೂಲಿ ಇಟ್ಟಂಗಿ ಲೆಕ್ಕದಾಗ ಐತಿ. ಕಡಿಮಿ ಹೊತ್ರ ಹೊಟ್ಟಿಗೆ ಏನು?" ಪ್ರಶ್ನೆ ಸರಿಯಾಗಿದೆ. ಲೆಕ್ಕ ಮಾಡೋಣ. 240 ಇಟ್ಟಂಗಿ ಸಾಗಿಸಬೇಕು. 12ರಂತೆ ಹೊತ್ತರೆ 20 ಸಲ ನಡೆಯಬೇಕು. 8ರಂತೆ ಹೊತ್ತರೆ 30 ಸಲ. 10 ಸಲ ಹೆಚ್ಚು ನಡೆಯಬೇಕು, ನಿಜ. ಹೊತ್ತೂ ಹೆಚ್ಚು ಹಿಡಿಯುತ್ತದೆ. ಆದರೆ ನಡ ಹಿಡಿದು 10 ದಿನ ಮಲಗಿದರೆ 10 ದಿನದ ಕೂಲಿ ಹೋಯಿತು. ಔಷಧದ ಖರ್ಚು ಬೇರೆ. ಯಾವುದು ಲಾಭ, ಯಾವುದು ನಷ್ಟ? ನೀವೇ ಹೇಳಿರಿ.

ಹೇಗೆ ಎತ್ತಬೇಕು?

1. ಭಾರದ ಹತ್ತಿರ ಹೋಗಿ ನಿಲ್ಲಿರಿ. ಎರಡೂ ಕಾಲು ಸ್ವಲ್ಪ ಅಗಲಿಸಿರಿ.
2. ನಡ ಬಗ್ಗಿಸಬೇಡಿರಿ. ಮೊಣಕಾಲು ಮಡಚಿ ಕೂಡಿರಿ.
3. ಭಾರವನ್ನು ಮೈಗೆ ಹತ್ತಿರ ಹಿಡಿದು, ಕಾಲಿನ ಬಲದಿಂದ ಏಳಿರಿ.
4. ತಿರುಗುವಾಗ ನಡ ತಿರುವಬೇಡಿರಿ. ಹೆಜ್ಜೆ ಇಟ್ಟು ಇಡೀ ಮೈ ತಿರುಗಿಸಿರಿ.
5. ಬುಟ್ಟಿಯನ್ನು ತಲೆಗೆ ಏರಿಸಲು, ಇಳಿಸಲು ಇನ್ನೊಬ್ಬರ ಕೈ ಹಿಡಿಸಿರಿ. ಸಿಂಬಿ ಸರಿಯಾಗಿರಲಿ.

ಬಗ್ಗಿ ಮಾಡುವ ಕೆಲಸ, ಕೂತು ಮಾಡುವ ಕೆಲಸ

ನಾಟಿ ಮಾಡುವಾಗ ಬಗ್ಗಲೇಬೇಕು. ಆದರೆ ಒಂದೇ ಸಮನೆ ಬಗ್ಗಿರಬೇಡಿರಿ. ಅರ್ಧ ತಾಸಿಗೊಮ್ಮೆ ನೆಟ್ಟಗೆ ನಿಲ್ಲಿರಿ. ಎರಡೂ ಕೈ ನಡದ ಮೇಲಿಟ್ಟು ಮೆಲ್ಲಗೆ ಹಿಂದಕ್ಕೆ ಬಾಗಿರಿ. ಸಸಿ ತಂದುಕೊಡುವ ಕೆಲಸ, ಹಚ್ಚುವ ಕೆಲಸ ಅದಲು ಬದಲು ಮಾಡಿಕೊಳ್ಳಿರಿ. ಸಾಲು ಹಿಡಿದು ನಾಟಿ ಮಾಡಿದರೆ ನಿಂತುಕೊಂಡೇ ತಳ್ಳುವ ಉದ್ದ ಹಿಡಿಕೆಯ ಸಾಧನದಿಂದ ಕಳೆ ತೆಗೆಯಬಹುದು.

ಕಂಡಿಕೆ ಸುತ್ತುವವರು ಗೋಡೆಗೆ ಬೆನ್ನು ಕೊಟ್ಟು ಕೂಡಿರಿ. ಸಾಧ್ಯವಿದ್ದರೆ ಮಣೆ ಹಾಕಿಕೊಳ್ಳಿರಿ. ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಕೈ ಬೆರಳು ಬಿಚ್ಚಿ, ಮಡಚಿರಿ.

ಮೈಗೆ ತಕ್ಕ ಸಾಮಾನು

ಖಾನಾಪುರದಲ್ಲಿ ಕೇಂದ್ರ ಸರಕಾರದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಹಿಂದೆ ಕುಂಬಾರರು ಬಗ್ಗಿ, ಕೋಲಿನಿಂದ ತಿಗರಿ ತಿರುಗಿಸುತ್ತಿದ್ದರು. ರಟ್ಟೆ ನೋಯುತ್ತಿತ್ತು. ಈಗ ಕರೆಂಟಿನ ತಿಗರಿ ಬಂದಿದೆ. ಕುಂಬಾರರಿಗೆ ಒಳ್ಳೆಯದಾದದ್ದು ನಮಗೂ ಆಗಬಾರದೇಕೆ? ಮಣ್ಣು ಸಾಗಿಸಲು ಕೈಗಾಡಿ ಇದ್ದರೆ ತಲೆಹೊರೆ ಉಳಿಯುತ್ತದೆ. ಒಬ್ಬಳೇ ಕೇಳಿದರೆ ಮೇಸ್ತ್ರಿ ಕಿವಿಗೆ ಹಾಕಿಕೊಳ್ಳದೆ ಇರಬಹುದು. ಸಂಘದ ಹತ್ತು ಜನ ಕೂಡಿ ಕೇಳಿರಿ. ಆಳು ಗಟ್ಟಿ ಇದ್ದರೆ ಕೆಲಸ ಗಟ್ಟಿ ಎಂದು ಹೇಳಿರಿ.

ಇದು ಹೊಸ ಮಾತೂ ಅಲ್ಲ. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಂದು ಸಲಹೆ ಕೊಟ್ಟಿತು. ಗಂಡಾಳು ಕೂಡ 55 ಕೆಜಿಗಿಂತ ಹೆಚ್ಚು ಹೊರಬಾರದು, ಹೆಣ್ಣಾಳಿನ ಹೊರೆ ಅದಕ್ಕಿಂತ ಬಹಳ ಕಡಿಮೆ ಇರಬೇಕು ಎಂದಿತು.

ಬಸುರಿ, ಬಾಣಂತಿ ಇದ್ದಾಗ

ಆಗ ಭಾರ ಎತ್ತಬೇಡಿರಿ. ಹೆರಿಗೆಯಾದ ಕೂಡಲೇ ಭಾರ ಹೊತ್ತರೆ ಗರ್ಭಕೋಶ ಕೆಳಗೆ ಜಾರುವ ಭಯ ಇರುತ್ತದೆ. ಎಷ್ಟೋ ತಾಯಂದಿರು ಇದನ್ನು ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುತ್ತಾರೆ. ಮುಚ್ಚಿಡಬೇಡಿರಿ. ಆಶಾ ಕಾರ್ಯಕರ್ತೆಗೆ ಹೇಳಿರಿ.

ನೋವು ಬಂದರೆ?

ಹೊಸದಾಗಿ ಉಳುಕಿದರೆ ತಣ್ಣೀರಿನ ಬಟ್ಟೆ ಇಡಿರಿ. ಒಂದೆರಡು ದಿನ ಭಾರದ ಕೆಲಸ ಬಿಡಿರಿ. ಆದರೆ ಹಾಸಿಗೆ ಹಿಡಿಯಬೇಡಿರಿ, ಮೆಲ್ಲಗೆ ಓಡಾಡಿರಿ. ನಡ ತುಳಿಸಿಕೊಳ್ಳಬೇಡಿರಿ. ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾ ನುಂಗಬೇಡಿರಿ. ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ಕಾಲು ಜೋಮು ಹಿಡಿದು ಬಲ ಕಡಿಮೆಯಾದರೆ, ಮೂತ್ರ ಮಲ ಹಿಡಿತ ತಪ್ಪಿದರೆ ತಡ ಮಾಡಬೇಡಿರಿ. ಅದೇ ದಿನ ಖಾನಾಪುರದ ತಾಲೂಕು ಆಸ್ಪತ್ರೆಗೋ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೋ ಹೋಗಿರಿ.

ಅಕ್ಕಂದಿರೆ, ಕುಡುಗೋಲು ಸವೆದರೆ ಹೊಸದು ತರಬಹುದು. ಬುಟ್ಟಿ ಹರಿದರೆ ಇನ್ನೊಂದು ಕೊಳ್ಳಬಹುದು. ನಡ ಮಾತ್ರ ಸಂತೆಯಲ್ಲಿ ಸಿಗುವುದಿಲ್ಲ. ನಾಳೆ ಚೀಲ ಎತ್ತುವ ಮೊದಲು ಅದರ ಮೇಲಿನ ಅಂಕಿ ಓದಿರಿ. ಪಕ್ಕದವಳನ್ನು ಕರೆಯಿರಿ.

ಲೆಕ್ಕ ಮಾಡಿ, ಮಾತಾಡಿ

1. ಒಂದು ಇಟ್ಟಂಗಿ 3 ಕೆಜಿ ಇದ್ದರೆ 10 ಇಟ್ಟಂಗಿ ಎಷ್ಟು ಕೆಜಿ?
2. ನೀವು ದಿನಾ ಎಷ್ಟು ಕೊಡ ನೀರು ಹೊರುತ್ತೀರಿ? ಒಟ್ಟು ಎಷ್ಟು ಕೆಜಿ ಆಯಿತು?
3. ನಿಮ್ಮ ಕೆಲಸದ ಜಾಗದಲ್ಲಿ ಯಾವ ಒಂದು ಬದಲಾವಣೆ ಬೇಕು? ಒಂದು ವಾಕ್ಯದಲ್ಲಿ ಬರೆಯಿರಿ.